ತಾರೀಗಿಡದ ತಗಡು

ರವಿವಾರ. ಚಿಗರಿ ಬಸ್ಸಿನ್ಯಾಗ ಕಿಟಕಿ ಸೀಟು ಮಿಸ್ಬಾಂದು.
ನನ್ನ ತೊಡಿಮ್ಯಾಲ ರೊಟ್ಟಿ ಗಂಟು, ಶೇಂಗಾ ಹಿಂಡಿ.
ಉಣಕಲ್ಲ ಕೆರಿ ದಾಟೂತನಕಾ ಆಕಿ ಮಾತಿಲ್ಲ.
ನವಲೂರ ಹತ್ರ ಕೇಳಿದ್ಲು:
"ಅಜ್ಜಾ, ಆ ತೋಟದಾಗಿನ ಗಿಡಾ ಎಲ್ಲಾ ನೀನ ಹಚ್ಚೀದೇನು?"
ಗಿಡಾ ಅಲ್ಲವಾ, ಅವರ ಹೆಸರು.

ಮುನ್ನೂರಾ ಹನ್ನೆರಡು ತಗಡು.
ಹಸರ ನೆಲ, ಬಿಳಿ ಅಕ್ಷರ.
ಮ್ಯಾಲ ಕನ್ನಡ, ಕೆಳಗ ನನಗ ತಿಳೀದ ಇನ್ನೊಂದು ಭಾಷಾ,
ಲ್ಯಾಟಿನ್ ಅಂತ ಅದರ ಹೆಸರು,
ಈಗ ಯಾ ಊರಾಗೂ ಯಾರೂ ಮಾತಾಡೂದಿಲ್ಲಂತ.
ಗಣೇಶಪ್ಯಾಟಿ ಅಂಗಡಿ ಕಟ್ಟಿಮ್ಯಾಲ ಕುಂತು
ಟಾಕೀಸಿನ ಬೋರ್ಡು ಬದೀಗಿಟ್ಟು
ಕಡಪಟ್ಟಿ ಮೇಡಂ ಕೊಟ್ಟ ಚೀಟಿ ನೋಡಿ
ಇರಿವಿ ಎಣಿಸಿದಂಗ ಒಂದೊಂದ ಅಕ್ಷರ ಇಳಿಸಿದೆ.
"ದಾವಲಸಾಬ್ರ, ಅಕ್ಷರ ತಪ್ಪಿದ್ರ ಗಿಡಾನ ತಪ್ಪತದ.
ಮತ್ತ ಮೊಳಿ ಪೂರ್ತಿ ಬಡೀಬ್ಯಾಡ್ರಿ,
ಒಂದ ಬಟ್ಟು ಹೊರಗ ಬಿಡ್ರಿ. ಗಿಡ ಬೆಳೀತದ."

ಒಂದು ಬಟ್ಟು ಬಿಟ್ರ ಗಾಳಿಗೆ ತಗಡು ಟಕಟಕ ಅಂತಿತ್ತು.
ನಾ ಬೋರ್ಡು ಬರಿಯಾಂವ.
ಬೋರ್ಡು ಅಲಗಾಡಿದ್ರ ನನಗ ಮೈ ಉರೀತೈತಿ.
ಮೊದಲಿನ ಹತ್ತಿಪ್ಪತ್ತು ಬಡದ ಕೂಡ್ರಿಸಿದೆ.

ಮಿಸ್ಬಾ ಓಡಿ ಓಡಿ ಓದಿದ್ಲು: ಮತ್ತಿ. ಕಮರ. ದೊಡ್ಡಹುಣಸಿ.
"ಅಬ್ಬಾ, ಆನಿ ಕಾಲು!"
ಸವಣೂರಾಗ ಇದರ ಅಜ್ಜಂದಿರು ಅದಾರು, ಅಂದೆ.
ಹೊಸಾವು ಕೆಲವು ಪ್ಲಾಸ್ಟಿಕ್ಕು, ಮೂಲ್ಯಾಗ ಕರೀ ಚೌಕ,
ಮೊಬೈಲ್ ಹಿಡದ್ರ ಗಿಡಾನ ಮಾತಾಡತೈತಂತ.
ಹಿಡದ ನೋಡಿದ್ಲು. ಸಿಗ್ನಲ್ ಇರಲಿಲ್ಲ.

ನನ್ನ ಕಣ್ಣು ಹುಡುಕಿದ್ದು ಒಂದನ್ನ.
ಬಿದಿರ ಮೆಳಿ ಹಿಂದಿನ ತಾರೀಗಿಡ.
ಇಪ್ಪತ್ತಾರು ವರ್ಷ ಯಾರಿಗೂ ಹೇಳಿಲ್ಲ, ಖೈರುನ್‌ಗೂ,
ಅದರ ತಗಡಿನ್ಯಾಗ ಒಂದು ಐ ಬಿಟ್ಟಿದ್ದೆ.
ಟರ್ಮಿನೇಲಿಯಾದಾಗ ಎರಡನೇ ಐ,
ಒಂದು ಕಡ್ಡಿ, ನೆತ್ತಿಮ್ಯಾಲ ಒಂದು ಚುಕ್ಕಿ.
ಮೊಳಿ ಬಡದ ಮ್ಯಾಲ ಕಂಡಿತ್ತು.
ಬಿಲ್ಲು ಆಗಿತ್ತು, ರೋಜಾ ಇತ್ತು, ಹೊತ್ತು ಮುಳಗಾಕ ಬಂದಿತ್ತು.
ಏಣಿ ಹೆಗಲಮ್ಯಾಲ ಹಾಕ್ಕೊಂಡು ಸುಮ್ಮನ ಬಂದೆ.

ಈಗ ಗಿಡ ಐತಿ. ತಗಡಿಲ್ಲ.
ಇಲ್ಲಂದ್ರ... ಐತಿ.
ತೊಗಟಿ ಎರಡೂ ಕಡಿಯಿಂದ ಬಂದು
ಎಲಿಅಡಿಕಿ ಬಾಯಾಗಿಟ್ಟ ಮುದುಕಿ ತುಟಿಯಂಗ ಮುಚ್ಚೇತಿ.
ನಡುವ ಬಟ್ಟಗಲ ಹಸರು, ಅದರಾಗ ಒಂದ ಅಕ್ಷರ.
ಮಿಸ್ಬಾ ಬಗ್ಗಿ ಓದಿದ್ಲು: "ರೀ."
"ಅಜ್ಜಾ, ಇದರ ಹೆಸರು ರೀ ಏನು?"

ಧಾರವಾಡದ ಗಿಡ ಅಲ್ಲೇನವಾ,
ಹೆಸರು ನುಂಗಿದ್ರೂ ರೀ ಬಿಟ್ಟಿಲ್ಲ.

ಎಲಿ ಗುಡಿಸೂ ಫಕ್ಕೀರವ್ವ ಬಂದು ನಿಂತ್ಲು.
"ಕೀಳಬ್ಯಾಡ್ರಿ ಯಜ್ಜಾ, ಅದರ ಹೊಟ್ಯಾಗ ಹೋಗೇತಿ ಅದು.
ಕಡಪಟ್ಟಿ ಮ್ಯಾಡಮ್ಮಾರು ರಿಟೈರಾದ ಮ್ಯಾಲೂ ಬರತಿದ್ರು,
ಇಲ್ಲೇ ನಿಂತು ಒಬ್ಬರ ನಗತಿದ್ರು."
ಯಾತಕ್ಕ?
"ಪೇಂಟರ್ ಒಬ್ಬಾಂವ ನಂದೊಂದು ಅಕ್ಷರ ಇಟಗೊಂಡಾನ, ಅಂತಿದ್ರು."
ಈಗ ಬರೂದಿಲ್ಲೇನು?
ಆಕಿ ಕಸಬರಗಿ ನೆಲಕ್ಕೊಮ್ಮೆ ಕುಟ್ಟಿ
ಕಡ್ಡಿ ಸರೀ ಮಾಡ್ಕೊಂಡು ಮುಂದ ಹೋದ್ಲು.

ನೀರಿನ ಬಾಟ್ಲಿಯಾಗ ಬಟ್ಟು ಅದ್ದಿದೆ.
ತೊಗಟಿಮ್ಯಾಲ ಒಂದು ಕಡ್ಡಿ ಎಳದೆ.
ಕೈ ಇನ್ನೂ ನಡುಗೂದಿಲ್ಲ ನಂದು.
ಆದ್ರ ಬಿಸಲಿತ್ತು.
ಚುಕ್ಕಿ ಇಡೂದ್ರಾಗ ಕಡ್ಡಿ ಆರಿತ್ತು.

ಗಿಡದ ಬುಡಕ್ಕ ಕುಂತು ಗಂಟು ಬಿಚ್ಚಿದ್ವಿ.
ಮಿಸ್ಬಾ ಒಂದು ತುತ್ತು ಮುರದು ಬೇರಿನ ಮುಂದಿಟ್ಲು,
"ರೀ, ಉಣ್ಣ್ರಿ."
ಹಿಂಡ್ಯಾಗ ಉಪ್ಪು ಸ್ವಲ್ಪ ಮುಂದಾಗಿತ್ತು.